ಸತ್ತ ಮಾತನ್ನು ತೆಗೆಯುವ ಧರ್ಮ

ಕೆಡುಕು ಮಾಡುವುದನ್ನು ತೆಗೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೆಡುಕನ್ನೂ ಮಾಡದೆ ಒಳಿತನ್ನೂ ಮಾಡದೆ ಸುಮ್ಮನೆ ಉಳಿದುಕೊಂಡಿರುವುದನ್ನು ತೆಗೆಯುವ ಹೊಣೆ ನಮಗಿದೆಯೇ? 1967ರಲ್ಲಿ ಸ್ಥಾಪನೆಯಾದ ಇಸಿಐಎಲ್ ಟಿಡಿಸಿ-12 ಗಣಕವನ್ನು ತಯಾರಿಸಿದ್ದು ಈ ಹೈದರಾಬಾದಿನಲ್ಲೇ. ಇಂದು ನಮ್ಮ ಅನೇಕರ ಮಕ್ಕಳು ಮಾದಾಪುರ, ಗಚ್ಚಿಬೌಲಿಗಳಲ್ಲಿ ಮಾಡುವ ಬಗೆಯ ಕೆಲಸದಿಂದಲೇ ಈ ಪ್ರಶ್ನೆಗೊಂದು ಉದಾಹರಣೆ ಕೊಡಬಹುದು.

ಕೀಲಿಮಣೆಯೋ ಡಿಸ್ಕೋ ತನ್ನತ್ತ ಗಮನ ಬೇಕಾದಾಗ ಪ್ರೊಸೆಸರನ್ನು ಕೂಗಿ ಕರೆಯುತ್ತದೆ. ಈ ಕರೆಗೆ ಇಂಟರಪ್ಟ್ ಎಂದು ಹೆಸರು. ಅದಕ್ಕೆ ಓಗೊಡುವ ತಂತ್ರಾಂಶವೇ ಡ್ರೈವರ್. ಲಿನಕ್ಸ್ ವ್ಯವಸ್ಥೆಯಲ್ಲಿ ಹಿಂದೆ, 'ನನ್ನ ಕೆಲಸ ಮುಗಿಯುವವರೆಗೆ ಬೇರೆ ಕರೆ ಬೇಡ' ಎನ್ನುವ ಡ್ರೈವರು 'ಐಆರ್‌ಕ್ಯೂಎಫ್ ಡಿಸೇಬಲ್ಡ್' ಎಂಬ ಗುರುತು ಹಾಕಬೇಕಿತ್ತು. ಹಾಕದಿದ್ದಲ್ಲಿ ಒಂದು ಕರೆಯ ನಡುವೆ ಇನ್ನೊಂದು, ಅದರ ನಡುವೆ ಮತ್ತೊಂದು ಬಂದು, ಸ್ಟ್ಯಾಕ್ ಎಂಬ ಸ್ಮೃತಿಭಾಗ ತುಂಬಿ ತುಳುಕುವ ಅಪಾಯವಿತ್ತು. ಆದ್ದರಿಂದ 2010ರ 2.6.35ನೇ ಆವೃತ್ತಿಯಿಂದ ಎಲ್ಲ ಡ್ರೈವರುಗಳಿಗೂ ಆ ರಕ್ಷಣೆ ತಾನಾಗಿಯೇ ದೊರೆಯಿತು. ಗುರುತು ಅರ್ಥಹೀನವಾಯಿತು, ಆದರೆ ಅಳಿಯಲಿಲ್ಲ. ಒಂದೊಂದೇ ಡ್ರೈವರಿನಿಂದ ಅದನ್ನು ತೆಗೆಯುತ್ತ ಬಂದು, 2015ರ 4.1ನೇ ಆವೃತ್ತಿಯಲ್ಲಿ ಆ ಹೆಸರನ್ನೇ ಅಳಿಸುವ ವೇಳೆಗೆ ಸುಮಾರು ಐದು ವರ್ಷ ಕಳೆದಿತ್ತು.

ಹಾನಿ ಮಾಡದ ಗುರುತಿಗಾಗಿ ಇಷ್ಟು ಶ್ರಮವೇಕೆ? ನಾಯಿ ಸತ್ತು ವರ್ಷಗಳಾದರೂ ಗೇಟಿನ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ಉಳಿದರೆ ಮನೆಯವರಿಗೇನೂ ತೊಂದರೆಯಿಲ್ಲ. ಅವರಿಗೆ ನಿಜ ಗೊತ್ತು. ಹೊರಗೆ ನಿಂತು ಅಳುಕುವವನು ಅಪರಿಚಿತ. ಹಾಗೆಯೇ ಹಳೆಯ ಡ್ರೈವರನ್ನು ಓದುವ ಹೊಸಬನು ಆ ಗುರುತೇ ಕಾಪಾಡುತ್ತಿದೆಯೆಂದು ನಂಬಿ ತನ್ನ ಬರಹಕ್ಕೂ ನಕಲು ಮಾಡಿಕೊಳ್ಳುತ್ತಾನೆ. ಸತ್ತ ಮಾತು ಯಂತ್ರಕ್ಕೆ ಸುಳ್ಳು ಹೇಳುವುದಿಲ್ಲ, ಮನುಷ್ಯನಿಗೆ ಹೇಳುತ್ತದೆ.

ಹಾಗೆಂದು ನಮಗೆ ಅರ್ಥವಾಗದ್ದನ್ನೆಲ್ಲ ಕಿತ್ತೆಸೆಯುವುದು ವಿವೇಕವಲ್ಲ. ಇಲ್ಲಿ ಮೊದಲು ಎಲ್ಲರಿಗೂ ರಕ್ಷಣೆ ದೊರೆಯಿತು, ಆಮೇಲೆ ಗುರುತು ಹೋಯಿತು. ಈ ಕ್ರಮ ಹಿಂದುಮುಂದಾಗಬಾರದು. ಮನೆಯ ಕಟ್ಟಳೆಗೂ ಸಂಘದ ನಿಯಮಾವಳಿಗೂ ಇದೇ ನ್ಯಾಯ. ಯಾವ ಭಯದಿಂದ, ಯಾರ ರಕ್ಷಣೆಗಾಗಿ ಇಟ್ಟದ್ದೆಂದು ಮೊದಲು ತಿಳಿಯಬೇಕು. ಆ ರಕ್ಷಣೆ ಈಗ ಬೇರೆ ದಾರಿಯಿಂದ ದೊರೆತಿದೆಯೇ ಎಂದು ನೋಡಬೇಕು. ದೊರೆತಿದ್ದರೆ ಸಂಕೋಚವಿಲ್ಲದೆ ತೆಗೆಯಬೇಕು.

ಇಂಥ ಕೆಲಸಕ್ಕೆ ಹೊಗಳಿಕೆ ಬರುವುದು ಅಪರೂಪ. ಗುರುತು ಹೋದ ಮೇಲೂ ಯಂತ್ರ ಮೊದಲಿನಂತೆಯೇ ನಡೆದರೆ ಅದೇ ಅದರ ಯಶಸ್ಸು. ಆದರೆ ಮುಂದೆ ಓದುವವನೊಬ್ಬ ಇಲ್ಲದ ನಾಯಿಗೆ ಹೆದರದೆ ಒಳಗೆ ಬರುತ್ತಾನೆ. ನಾವು ಎಂದೂ ಕಾಣದ ಆತನಿಗೆ ನಿಜವನ್ನಷ್ಟೇ ಉಳಿಸಿಹೋಗುವುದೂ ಧರ್ಮವೇ.