ಉಪ್ಪು ತೆಗೆದ ನೀರು ಯಾರಿಗೆ?

2019ರಲ್ಲಿ ಚೆನ್ನೈನ ಕೆರೆಗಳು ಬತ್ತಿದವು. ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂತು. ‘ಪಕ್ಕದಲ್ಲೇ ಸಮುದ್ರ ಐತಲ್ಲ, ಉಪ್ಪು ತೆಗೆದು ಕುಡೀರಿ’ ಅನ್ನುತ್ತಾರೆ. ಅದೂ ಆಗಿದೆ. ಮಿಂಜೂರಿನಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ ದಿನಕ್ಕೆ ತಲಾ 10 ಕೋಟಿ ಲೀಟರಿನ ಸ್ಥಾವರಗಳು ಶುರುವಾದವು.

ಬಾಯಾರಿದವರ ಮುಂದೆ ನಿಂತು ಯಂತ್ರ ಬೇಡ ಅನ್ನಲಾರೆ. ಆದರೆ ಗೆಳೆಯರೇ, ಸಾವಿರ ಲೀಟರಿಗೆ ಮೂರು-ನಾಲ್ಕು ಯೂನಿಟ್ ಕರೆಂಟು ಬೇಕು. ಆ ದುಡ್ಡು ಯಾರದು? ಉಳಿದ ಕಡು ಉಪ್ಪುನೀರು ಮೀನುಗಾರರ ಕಡಲಿಗೇ ವಾಪಸ್ಸು. ಸಿಹಿನೀರಿನ ಸರದಿ ಮಾತ್ರ ಯಾವ ಕೇರಿಗೆ?

1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ಚವದಾರ್ ಕೆರೆಗೆ ನೀರಿನ ಬರವಿರಲಿಲ್ಲ. ಆದರೂ ಒಂದು ಬೊಗಸೆ ಕುಡಿಯಲು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆಯಬೇಕಾಯ್ತು. ಆ ಬರ ತಂದವರು ಮನುಷ್ಯರು. ಅದನ್ನು ಸೋಸುವ ಯಂತ್ರ ಎಲ್ಲೈತೆ?

ಸ್ಥಾವರ ಇರಲಿ. ಅದರ ಮೊದಲ ಬಿಂದಿಗೆ ಕಟ್ಟಕಡೆಯ ಕೇರಿಗೆ ಸಿಗಲಿ.