ಋಣಕ್ಕೆ ಪಾತ್ರ ಪರೀಕ್ಷೆ ಇಲ್ಲ

ಮಹಾಭಾರತದ ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನ ಸಭೆಗೆ ಬಂದು ರಾಜ್ಯಭಾರದ ಬಗ್ಗೆ ಪ್ರಶ್ನೆಗಳ ಸುರಿಮಳೆಯನ್ನೇ ಸುರಿಸುತ್ತಾರೆ. ಅವುಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಿನ್ನ ಸಲುವಾಗಿ ಸತ್ತವರ, ನಿನ್ನ ಸಲುವಾಗಿ ಸಂಕಟಕ್ಕೆ ಸಿಕ್ಕವರ ಹೆಂಡಿರನ್ನು ಪೊರೆಯುತ್ತಿದ್ದೀಯಾ ಎಂಬುದು ಒಂದು. ಕುರುಡರು, ಮೂಗರು, ಹೆಳವರು, ಅಂಗ ಊನವಾದವರು, ಬಂಧುಬಳಗ ಇಲ್ಲದವರು, ಇವರನ್ನೆಲ್ಲ ತಂದೆಯ ಹಾಗೆ ಕಾಯುತ್ತಿದ್ದೀಯಾ ಎಂಬುದು ಇನ್ನೊಂದು. ಎರಡೂ ಅರಸನ ಕರ್ತವ್ಯವೇ. ಆದರೆ ಎರಡನೆಯದರ ಬೇರು ಇರುವುದು ಕರುಣೆಯಲ್ಲಿ. ಮೊದಲನೆಯದರಲ್ಲಿ ‘ನಿನ್ನ ಸಲುವಾಗಿ’ ಎಂಬ ಮಾತು ಬಂದ ಕೂಡಲೇ ಲೆಕ್ಕವೇ ಬೇರೆಯಾಗುತ್ತದೆ. ಅಲ್ಲಿರುವುದು ಋಣ. ಸೇವೆಯಲ್ಲಿ ಮೈಮನಸ್ಸಿನ ಆರೋಗ್ಯ ಕಳೆದುಕೊಂಡು ಊರಿಗೆ ಮರಳಿದ ಸೈನಿಕನಿಗೆ ಸಲ್ಲಬೇಕಾದ ಅಂಗವೈಕಲ್ಯ ಪಿಂಚಣಿ ಈ ಎರಡರಲ್ಲಿ ಯಾವ ಸಾಲಿಗೆ ಸೇರಿದ್ದು? ವೇದಿಕೆಯ ಮೇಲೆ ಎಲ್ಲರೂ ಋಣ ಎನ್ನುತ್ತಾರೆ. ಅರ್ಜಿ ಮೇಜಿನ ಮೇಲೆ ಬಂದಾಗ ಮಾತ್ರ ಅದು ದಾನದ ಕೋರಿಕೆಯಾಗಿಬಿಡುತ್ತದೆ. ಈ ಅದಲುಬದಲೇ ಮಾಜಿ ಸೈನಿಕರ ಅರ್ಧ ಕಷ್ಟಕ್ಕೆ ಮೂಲ.

ದಾನಕ್ಕೂ ಋಣಕ್ಕೂ ಇರುವ ಅಂತರ ಬರೀ ಭಾವನೆಯದಲ್ಲ, ನಡವಳಿಕೆಯದು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಸಾತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರು ನಿಯಮಗಳನ್ನು ಹೇಳುತ್ತದೆ. ಹಾಗಾಗಿ ಕೊಡುವವನು ಪಡೆಯುವವನ ಯೋಗ್ಯತೆಯನ್ನು ತೂಗಿ ನೋಡಬಹುದು, ಸಮಯ ನೋಡಿ ಕೊಡಬಹುದು, ಕೊಡದೆಯೂ ಇರಬಹುದು. ಋಣದಲ್ಲಿ ಈ ಯಾವ ಸ್ವಾತಂತ್ರ್ಯವೂ ಇಲ್ಲ. ಮನುಷ್ಯ ಹುಟ್ಟುತ್ತಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿ ಎನ್ನುತ್ತದೆ ವೈದಿಕ ಪರಂಪರೆ. ಶತಪಥ ಬ್ರಾಹ್ಮಣ ಇದಕ್ಕೆ ಮನುಷ್ಯರ ಋಣವನ್ನೂ ಸೇರಿಸುತ್ತದೆ. ಈ ಋಣಗಳನ್ನು ಯಾರೂ ಬಾಗಿಲಿಗೆ ಬಂದು ಕೇಳುವುದಿಲ್ಲ. ತೀರಿಸುವ ದಾರಿ ಹುಡುಕಬೇಕಾದವನು ಋಣಿಯೇ. ಸಾಲ ಕೊಟ್ಟವನು ಪತ್ರ ಕಳೆದುಕೊಂಡ ಎಂದ ಮಾತ್ರಕ್ಕೆ ಧರ್ಮದ ಕಣ್ಣಿನಲ್ಲಿ ಸಾಲ ಹರಿಯುವುದಿಲ್ಲ. ಲೆಕ್ಕ ಇಡುವ ಹೊಣೆಯೂ, ಅನುಮಾನ ಬಂದಾಗ ಬಿಟ್ಟುಕೊಡುವ ಹೊಣೆಯೂ ಋಣಿಯ ಮೇಲೆಯೇ ಇರುತ್ತದೆ.

ಕನ್ನಡನಾಡಿಗೆ ಇದು ಹೊಸ ಪಾಠವೇನಲ್ಲ. ಹೋರಾಡಿ ಸತ್ತವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ಇಲ್ಲಿನ ಶಾಸನಗಳಲ್ಲಿ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕ, ಸುಮಾರು ಸಾವಿರದ ನೂರು ವರ್ಷ ಹಳೆಯ ವೀರಗಲ್ಲು ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನೆಂಬ ವೀರ ಸತ್ತದ್ದನ್ನು ಹೇಳಿ, ಆಮೇಲೆ ಗಂಗ ದೊರೆ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟದ್ದನ್ನು ದಾಖಲಿಸುತ್ತದೆ. ಆ ಕಲ್ಲಿನಲ್ಲಿ ಯುದ್ಧದ ಚಿತ್ರ ಇರುವಂತೆಯೇ ಕೊಟ್ಟ ಊರುಗಳ ಹೆಸರಿನ ಪಟ್ಟಿಯೂ ಇದೆ. ಹೊಗಳಿಕೆ ಮತ್ತು ಲೆಕ್ಕ ಎರಡೂ ಒಂದೇ ಕಲ್ಲಿನ ಮೇಲೆ ಕುಳಿತಿವೆ. ಆದರೆ ವೀರಗಲ್ಲು ಸತ್ತವನಿಗೆ ನಿಲ್ಲುವಂಥದ್ದು. ಬದುಕಿ ಉಳಿದು, ಕೈಕಾಲು ಊನವಾಗಿಯೋ ಮನಸ್ಸು ಕಲಕಿಯೋ ಮನೆಗೆ ಬಂದವನಿಗೆ ಕಲ್ಲು ನಿಲ್ಲಿಸುವುದಿಲ್ಲ. ಅವನ ಪಾಲಿಗೆ ಉಳಿಯುವುದು ಕಾಗದ. ಹಾಗಾಗಿ ಆ ಕಾಗದ ಯಾರ ಕೈಯಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂಬುದು ಧರ್ಮದ ಪ್ರಶ್ನೆಯೇ ಆಗುತ್ತದೆ.

ಇಂದಿನ ನಿಯಮಗಳ ಪ್ರಕಾರ ಅಂಗವೈಕಲ್ಯ ಕನಿಷ್ಠ ಶೇ 20 ಇರಬೇಕು. ಅದು ಸೇವೆಯಿಂದ ಬಂದದ್ದಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿದ್ದಾಗಿರಬೇಕು. ಪ್ರಮಾಣ ನೂರಕ್ಕೆ ನೂರಾದರೆ ಕೊನೆಯ ವೇತನದ ಶೇ 30ರಷ್ಟು ಅಂಗವೈಕಲ್ಯದ ಬಾಬ್ತಾಗಿ ಸೇರುತ್ತದೆ. ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. ಮೆಡಿಕಲ್ ಬೋರ್ಡ್ ‘ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ’ ಎಂದು ಒಂದು ಸಾಲು ಬರೆದುಬಿಟ್ಟರೆ ಎಲ್ಲವೂ ನಿಂತುಹೋಗುತ್ತದೆ. ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಮಾನಿಸಿದ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಆದದ್ದು ಇದೇ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಸಿಪಾಯಿಯನ್ನು ಮೂರ್ಛೆರೋಗದ ಕಾರಣಕ್ಕೆ ಶೇ 20ರಷ್ಟು ವೈಕಲ್ಯ ಎಂದು ಬರೆದು 1994ರಲ್ಲಿ ಸೇವೆಯಿಂದ ಬಿಡುಗಡೆ (ಬೋರ್ಡ್ ಔಟ್) ಮಾಡಲಾಯಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಎಂದು ಪಿಂಚಣಿ ನಿರಾಕರಿಸಲಾಯಿತು. ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರವಾಗಿ ಹೇಳಿತು, ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಕೊನೆಗೆ ಸುಪ್ರೀಂ ಕೋರ್ಟ್ 1982ರ ನಿಯಮಗಳನ್ನೇ ತೆರೆದು ಓದಿತು. ಸೇರುವಾಗ ರೋಗದ ಟಿಪ್ಪಣಿ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದ ಎಂದೇ ತಿಳಿಯಬೇಕು. ಸಂಬಂಧವಿಲ್ಲ ಎಂದು ಸಾಧಿಸುವ ಭಾರ ಸರ್ಕಾರದ್ದು. ಸಕಾರಣವಾದ ಅನುಮಾನದ ಲಾಭ ಸೈನಿಕನಿಗೆ. ಬೋರ್ಡ್ ಕಾರಣ ಕೊಡದೆ ಅಭಿಪ್ರಾಯ ಬರೆಯುವಂತಿಲ್ಲ. ನಿಯಮ ಮೊದಲಿನಿಂದಲೂ ಸ್ಪಷ್ಟವಾಗಿತ್ತು. ಅದನ್ನು ಋಣದ ಕಣ್ಣಿನಿಂದ ಓದಲು 19 ವರ್ಷ ಹಿಡಿಯಿತು.

1982ರ ಈ ನಿಯಮಗಳಿಗೆ ಎದುರಾಗಿ 2008ರ ನಿಯಮಗಳಲ್ಲಿ ಒಂದು ಷರತ್ತು ಬಂತು. ಸಾಮಾನ್ಯವಾಗಿ ಸೈನಿಕ ಸಾಬೀತುಪಡಿಸಬೇಕಿಲ್ಲ. ಆದರೆ ಸೇವೆ ಬಿಟ್ಟು 15 ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ, ಅಷ್ಟರೊಳಗೆ ಸೇವಾ ದಾಖಲೆಗಳನ್ನು ನಿಗದಿತ ಅವಧಿ ಮುಗಿದು ನಾಶಪಡಿಸಿರುವುದರಿಂದ, ಸಾಬೀತಿನ ಭಾರ ಅವನ ಮೇಲೆ ಬೀಳುತ್ತದೆ. ಎಂದೋ ಒಂದು ದಿನ ಲೆಕ್ಕ ಮುಗಿಯಲೇಬೇಕು, ಕಾಗದವನ್ನು ಕೊನೆಯಿಲ್ಲದೆ ಇಡಲಾಗದು ಎಂಬ ಆಡಳಿತದ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪುಸ್ತಕ ಸುಟ್ಟವನು ಋಣಿ, ಲೆಕ್ಕ ತೋರಿಸು ಎಂದು ಕೇಳುವವನೂ ಅವನೇ. ಶಾನುಭೋಗರು ಕಡತ ಕಳೆದು ರೈತನ ಬಳಿ ಪಹಣಿ ಕೇಳಿದಂತಾಯಿತು ಇದು. ಮೂವತ್ತೈದು ನಲವತ್ತರ ಹೊತ್ತಿಗೆ ನಿವೃತ್ತನಾಗುವ ಸಿಪಾಯಿಗೆ 15 ವರ್ಷ ಎಂದರೆ ಮಕ್ಕಳ ಓದು ಮುಗಿಯುವ ಕಾಲ. ಕಿವಿ ಮಂದವಾದದ್ದು, ಬೆನ್ನುಮೂಳೆ ಸವೆದದ್ದು, ನಿದ್ದೆ ಹಾರಿಹೋದದ್ದು ತಕ್ಕಮಟ್ಟಿಗೆ ಸಹಿಸಿಕೊಂಡೇ ಕಳೆಯುವ ಕಾಲ. ಹಕ್ಕಿದೆ ಎಂಬುದೇ ತಿಳಿಯದೆ ಸುಮ್ಮನಿದ್ದವನ ಮೌನವನ್ನು ಋಣಮುಕ್ತಿಯ ಪತ್ರವಾಗಿ ಓದುವುದು ನ್ಯಾಯವಲ್ಲ.

ಇನ್ನು ಗಟ್ಟಿಯಾದ ಆಕ್ಷೇಪ ವಂಚನೆಯದು. ನಿವೃತ್ತಿ ಹತ್ತಿರವಾದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ವೈಕಲ್ಯ ಬರೆಸಿಕೊಳ್ಳುವವರಿದ್ದಾರೆ, ಇದರಿಂದ ನಿಜವಾಗಿ ಅಂಗ ಕಳೆದುಕೊಂಡವರ ಮಾನ ಹೋಗುತ್ತದೆ ಎಂದು ಸೇನೆಯ ಹಿರಿಯರೇ ಹೇಳಿದ್ದುಂಟು. ಇದನ್ನು ಹಗುರವಾಗಿ ತಳ್ಳಿಹಾಕಬಾರದು; ಸುಳ್ಳು ಹೇಳಿ ಪಡೆದದ್ದು ಋಣಸಂದಾಯವಾಗದು, ಕಳ್ಳತನವಾಗುತ್ತದೆ. ಆದರೆ ಎರಡು ಸಂಗತಿ ಮರೆಯಬಾರದು. ಬೋರ್ಡಿನಲ್ಲಿ ಕೂರುವವರು ಸೇನೆಯದೇ ವೈದ್ಯರು. ವಂಚನೆ ನಡೆದಿದ್ದರೆ ಅದನ್ನು ಹಿಡಿಯಬೇಕಾದ ಜಾಗ ಅಲ್ಲಿಯೇ, ಸಿಪಾಯಿಯ ಮೇಲ್ಮನವಿಯಲ್ಲಲ್ಲ. ಜೊತೆಗೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಸಲ್ಲದವನಿಗೆ ಕೊಟ್ಟರೆ ಬೊಕ್ಕಸಕ್ಕೆ ಒಂದಿಷ್ಟು ಹಣದ ನಷ್ಟ. ಸಲ್ಲುವವನಿಗೆ ನಿರಾಕರಿಸಿದರೆ ಕೆಟ್ಟ ಮೈಯ ಜೊತೆಗೆ ಸುಳ್ಳುಗಾರ ಎಂಬ ಹಣೆಪಟ್ಟಿಯೂ ಅವನ ಮನೆ ಸೇರುತ್ತದೆ. ಅನುಮಾನದ ಲಾಭ ಸೈನಿಕನಿಗೆ ಎಂದು ನಿಯಮ ಹೇಳಿದ್ದು ಈ ತೂಕ ನೋಡಿಯೇ. ಅನುಮಾನ ಬೇರೆ, ಪುರಾವೆ ಬೇರೆ. ಪುರಾವೆ ಇದ್ದಲ್ಲಿ ಶಿಕ್ಷೆಯಾಗಲಿ.

ಸೈನಿಕ ತಾನಾಗಿ ಸೇರಿದವನು, ಸಂಬಳ ಪಡೆದವನು, ಅಲ್ಲಿಗೆ ಲೆಕ್ಕ ಚುಕ್ತಾ ಅಲ್ಲವೇ ಎಂದು ಕೇಳುವವರೂ ಇದ್ದಾರೆ. ಸಂಬಳ ದುಡಿಮೆಗೆ. ಸೇರಿದ ಮೇಲೆ ಎಲ್ಲಿಗೆ ಹೋಗಬೇಕು, ಯಾವ ಎತ್ತರದಲ್ಲಿ ಮಲಗಬೇಕು ಎಂಬುದನ್ನು ಅವನು ತೀರ್ಮಾನಿಸುವಂತಿಲ್ಲ. ಒಲ್ಲೆ ಎಂದರೆ ಸೇನಾ ಕಾಯ್ದೆಯಡಿ ಶಿಕ್ಷೆ. ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿಯೇ ಸಂಸತ್ತಿಗೆ ಕೊಟ್ಟಿದೆ. ಒಲ್ಲೆ ಎನ್ನುವ ಹಕ್ಕನ್ನು ಕಿತ್ತುಕೊಂಡವರು ಅದರ ಫಲಿತಾಂಶವನ್ನೂ ಹೊರಬೇಕು. ನಿಷ್ಕಾಮ ಕರ್ಮದ ಮಾತನ್ನು ಎತ್ತಿ, ಕರ್ತವ್ಯ ಮಾಡಿದವನು ಫಲ ಕೇಳಬಾರದು ಎನ್ನುವುದು ಇನ್ನೂ ಜಾಣತನದ ವಾದ. ಆ ಉಪದೇಶ ಕರ್ಮ ಮಾಡುವವನಿಗೆ, ಅವನ ಕರ್ಮದಿಂದ ಸುಖವಾಗಿ ಮಲಗಿದವನಿಗಲ್ಲ. ಅರ್ಜುನನಿಗೆ ಹೇಳಿದ ಮಾತನ್ನು ಖಜಾನೆಯ ಗುಮಾಸ್ತ ತನ್ನ ರಕ್ಷಣೆಗೆ ಬಳಸುವಂತಿಲ್ಲ. ಮಲಗುಂಡಿಗೆ ಇಳಿದು ಉಸಿರು ಕಟ್ಟಿದವನ, ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡವನ ಋಣ ಏನಾಯಿತು ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ಅವರಿಗೂ ಇದೇ ತತ್ವ ಸಲ್ಲಬೇಕು. ಒಬ್ಬರ ಬಾಕಿ ಉಳಿದಿದೆ ಎಂದು ಇನ್ನೊಬ್ಬರ ಬಾಕಿಯನ್ನು ಮನ್ನಾ ಮಾಡಿಕೊಳ್ಳಲಾಗದು.

ಈ ವಾದ ಒಪ್ಪಿದರೆ ಮಾಜಿ ಸೈನಿಕನ ಅರ್ಜಿಗೆ ನೆರವಾಗುವ ಕೆಲಸದ ಅರ್ಥವೇ ಬದಲಾಗುತ್ತದೆ. ಮೆಡಿಕಲ್ ಬೋರ್ಡಿನ ನಡಾವಳಿ, ಡಿಸ್‌ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶದ (ಪಿಪಿಒ) ಪ್ರತಿಗಳನ್ನು ಜೋಡಿಸಿಕೊಟ್ಟವನು, ಮೊದಲ ಮೇಲ್ಮನವಿ ತಿರಸ್ಕೃತವಾದಾಗ ಎರಡನೆಯದನ್ನು ಬರೆಸಿದವನು, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ದಾರಿ ತೋರಿಸಿದವನು ಸೈನಿಕನಿಗೆ ಉಪಕಾರ ಮಾಡುತ್ತಿಲ್ಲ. ನಮ್ಮೆಲ್ಲರ ಋಣ ತೀರಿಸಲು ಕೈಜೋಡಿಸುತ್ತಿದ್ದಾನೆ. ಹಾಗಾಗಿ ಅವನು ಉತ್ಪ್ರೇಕ್ಷೆ ಕಲಿಸಬಾರದು, ಬರುವ ಬಾಕಿಯಲ್ಲಿ ಪಾಲು ಕೇಳಬಾರದು. ಮಂಜೂರಾದ ಮೇಲೂ ಕೆಲಸ ಮುಗಿಯುವುದಿಲ್ಲ: ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹೆಸರು, ಹುಟ್ಟಿದ ದಿನಾಂಕ, ವೈಕಲ್ಯದ ಪ್ರಮಾಣ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಬೇಕು, ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು, ತಪ್ಪಿದರೆ ಹಕ್ಕಾಗಿ ಬಂದದ್ದೂ ನಿಲ್ಲುತ್ತದೆ. ನಿಮ್ಮ ಬೀದಿಯಲ್ಲಿ ಇಂಥವರೊಬ್ಬರಿದ್ದರೆ ಅವರ ಟ್ರಂಕಿನಲ್ಲಿರುವ ಕಾಗದಗಳನ್ನು ಒಮ್ಮೆ ಓದಿ ನೋಡಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಜೊತೆಯಲ್ಲಿ ಹೋಗಿ. ಸೇವೆ ಬಿಟ್ಟು 15 ವರ್ಷ ತುಂಬುವ ಮೊದಲು ಹೋಗಿ.