ಬೆಳಗಾಯಿತೆಂದು ಹೇಳುವವರು ಯಾರು?

ವಿಕಲಚೇತನ ಯುವಕನೊಬ್ಬನಿಗೆ ಕೆಲಸ ಕೊಡಿ ಎಂದು ಕೇಳಿದರೆ ಅನೇಕ ಮಾಲಕರು ಕನಿಕರದಿಂದಲೇ ಮಾತು ಆರಂಭಿಸುತ್ತಾರೆ. ಗಾಲಿಕುರ್ಚಿಗೆ ಇಳಿಜಾರು ದಾರಿ, ಪರದೆಯನ್ನು ಓದಿ ಹೇಳುವ ತಂತ್ರಾಂಶ, ಚಿಕಿತ್ಸೆಗೆ ರಜೆ ಎಂದ ಕೂಡಲೇ ಆ ಕನಿಕರ ಲೆಕ್ಕಾಚಾರವಾಗಿ ಬಿಡುತ್ತದೆ. ಸೌಲಭ್ಯ ಹೆಚ್ಚಿದಷ್ಟೂ ಕೆಲಸ ಕೊಡುವವರು ಕಡಿಮೆಯಾಗುತ್ತಾರೆಯೇ?

ಈ ಭಯ ಕೇವಲ ನೆಪವಲ್ಲ. 1990ರಲ್ಲಿ ಅಮೆರಿಕ ಸರಕಾರವು ಉದ್ಯೋಗದಲ್ಲಿ ವಿಕಲಚೇತನರ ವಿರುದ್ಧ ತಾರತಮ್ಯವನ್ನು ನಿಷೇಧಿಸಿ, ಅವರಿಗೆ ಅಗತ್ಯ ಅನುಕೂಲ ಒದಗಿಸುವ ಹೊಣೆಯನ್ನು ಮಾಲಕರಿಗೆ ವಹಿಸಿತು. ಆ ಬಳಿಕ ಅವರ ಉದ್ಯೋಗ ಇಳಿಯಿತೆಂದು ಡೆರಾನ್ ಅಸೆಮೊಗ್ಲು ಮತ್ತು ಜೋಶುವಾ ಆಂಗ್ರಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ವಾದಿಸಿದರು. ಇಳಿಕೆಗೆ ಬೇರೆ ಕಾರಣಗಳಿವೆಯೆಂದು ಇತರರು ಉತ್ತರಿಸಿದರು. ಚರ್ಚೆ ಏನೇ ಇರಲಿ, ಖರ್ಚೆಲ್ಲ ಒಬ್ಬನ ಹೆಗಲಿಗೇ ಬಿದ್ದರೆ ಆತ ತಪ್ಪಿಸಿಕೊಳ್ಳಲು ದಾರಿ ಹುಡುಕುವುದು ಮನುಷ್ಯ ಸಹಜ.

ಹಾಗೆಂದು ಸೌಲಭ್ಯವನ್ನೇ ಕೈಬಿಡಬೇಕೇ? ವಿಮೆಯೂ ರಜೆಯೂ ಇಲ್ಲದಿದ್ದರೆ ಸಿಕ್ಕ ಕೆಲಸವೂ ಉಳಿಯದು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಹೊರೆಯನ್ನು ಯಾರು ಹೊರಬೇಕು ಎಂಬುದು. 2008ರಲ್ಲಿ ಕೇಂದ್ರ ಸರಕಾರವು ಖಾಸಗಿ ರಂಗದಲ್ಲಿ ಹೊಸದಾಗಿ ನೇಮಕಗೊಂಡ ವಿಕಲಚೇತನರ ಭವಿಷ್ಯನಿಧಿ ಮತ್ತು ಇ.ಎಸ್.ಐ.ಗೆ ಮಾಲಕರು ಕಟ್ಟಬೇಕಾದ ಪಾಲನ್ನು ಮೊದಲ ಮೂರು ವರ್ಷ ತಾನೇ ಭರಿಸುವ ಯೋಜನೆ ತಂದಿತು. ಹೊರೆಯನ್ನು ಸಮಾಜ ಹಂಚಿಕೊಳ್ಳುವ ಕ್ರಮವಿದು. 2016ರ ಕಾಯ್ದೆಯಂತೂ ಯುಕ್ತ ಅನುಕೂಲವನ್ನು ನಿರಾಕರಿಸುವುದೇ ತಾರತಮ್ಯವೆಂದು ಸಾರಿತು. ಆದರೆ ಸಣ್ಣ ಅಂಗಡಿಯಲ್ಲಿ, ಮನೆಯ ಹೊಲಿಗೆ ಯಂತ್ರದ ಮುಂದೆ ದುಡಿಯುವವರಿಗೆ ಭವಿಷ್ಯನಿಧಿಯೂ ಇಲ್ಲ, ವಿಮೆಯೂ ಇಲ್ಲ. ಅವರ ಪಾಲಿಗೆ ಈ ಯೋಜನೆ ಇದ್ದೂ ಇಲ್ಲದಂತೆ.

ಪ್ರವಾದಿ ಮುಹಮ್ಮದ್(ಸ)ರ ಮಸೀದಿಯಲ್ಲಿ ಬಿಲಾಲ್(ರ)ರ ಜೊತೆ ಅಝಾನ್ ಕೊಡುತ್ತಿದ್ದವರು ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ). ಬೆಳಗಿನ ಬೆಳಕನ್ನು ಅವರು ಕಾಣಲಾರರು. "ಬೆಳಗಾಯಿತು" ಎಂದು ಜನ ತಿಳಿಸಿದ ಬಳಿಕವೇ ಅವರು ಅಝಾನ್ ಕೊಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಸಮಯ ನೋಡಲಾಗದವರಿಗೆ ಈ ಹುದ್ದೆ ಏಕೆ ಎಂದು ಅವರನ್ನು ಬದಿಗೆ ಸರಿಸಲಿಲ್ಲ. ಕೊರತೆಯನ್ನು ಸುತ್ತಲಿನವರು ಒಂದು ಮಾತಿನಿಂದ ತುಂಬಿದರು. ಹುದ್ದೆಯೂ ಗೌರವವೂ ಅವರದಾಗಿಯೇ ಉಳಿಯಿತು.

ಇದನ್ನು ದಾನವೆನ್ನಲಾಗದು. ಝಕಾತ್ ಮತ್ತು ಸದಕಾ ಹಂಚುವಾಗ ಧಾರಾಳಿಗಳಾಗುವ ನಾವು, ನಮ್ಮ ಅಂಗಡಿ, ಶಾಲೆ, ಕಚೇರಿಗಳಲ್ಲಿ ಒಬ್ಬ ವಿಕಲಚೇತನನಿಗೆ ಸಂಬಳದ ಕೆಲಸ ಕೊಟ್ಟಿದ್ದೇವೆಯೇ? ಕೊಟ್ಟಿದ್ದರೆ, ಬೆಳಗಾಯಿತೆಂದು ಅವನಿಗೆ ಹೇಳಲು ಯಾರನ್ನಾದರೂ ಇಟ್ಟಿದ್ದೇವೆಯೇ?